ಗುಡುಗಿಗೆ ವೈರು ಕೀಳುವವರು

ನಮ್ಮ ಕಡೆಯವರಿಗೆ ಗುಡುಗಿನ ಸದ್ದು ಕೇಳಿದರೆ ಕೈ ಸುಮ್ಮನಿರುವುದಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಘಟ್ಟದ ಕಡೆ ಮೊದಲ ಗುಡುಗು ಉರುಳಿದ್ದೇ ತಡ, ಒಬ್ಬರು ಟಿ.ವಿ.ಯ ಕೇಬಲ್ ಕೀಳುತ್ತಾರೆ, ಇನ್ನೊಬ್ಬರು ಫೋನಿನ ವೈರು ಎಳೆಯುತ್ತಾರೆ, ಫ್ರಿಜ್ಜಿನ ಪ್ಲಗ್ ಕಿತ್ತು ನೆಲಕ್ಕೆ ಹಾಕುವವರೆಗೆ ಮನೆಯ ಹಿರಿಯರಿಗೆ ಸಮಾಧಾನವಿಲ್ಲ. ಹೊರಗಿನಿಂದ ಬಂದ ನೆಂಟರು ಇದನ್ನು ನೋಡಿ ನಗುತ್ತಾರೆ. ನಗಲಿ. ಸಿಡಿಲು ಬಡಿದು ಗೋಡೆಯೊಳಗಿನ ವೈರು ಕರಟಿ, ಮೀಟರ್ ಬೋರ್ಡು ಸಿಡಿದು ಅಂಗಳಕ್ಕೆ ಬಿದ್ದ ಮನೆಯಲ್ಲಿ ಒಂದು ದಿನ ಕಳೆದು ಆಮೇಲೆ ನಗಲಿ.

ನಾನು ಈ ಅಭ್ಯಾಸದ ಪರ. ವೈರು ಕೀಳುವವರ ಕಡೆ ಯಾರಾದರೂ ಬೆರಳು ತೋರಿಸಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಮ್ಮೆ ಇದೇ ಕಾರಣಕ್ಕೆ ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಅವರ ಹೆಸರನ್ನು ನನ್ನ ಬಾಯಿಂದಲೇ ಹೊರಡಿಸಬೇಕೆಂದು ನಾವಿಬ್ಬರೂ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಮ್ಯಾನೇಜರು ಪಟ್ಟು ಹಿಡಿದಿದ್ದರು. ಆ ಕಥೆಯನ್ನು ಹೇಳಬೇಕಾದರೆ ಮೊದಲು ನಾನು ಈ ವೈರುಗಳ ಕೆಲಸಕ್ಕೆ ಹೇಗೆ ಬಂದೆ ಎಂದು ಹೇಳಬೇಕು.

ಪಾಣೆಮಂಗಳೂರಿನ ಪೇಟೆಯಲ್ಲಿ ನಮ್ಮದು ಹಗ್ಗ, ಗೋಣಿಚೀಲ, ಬುಟ್ಟಿ ಮಾರುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ತೊಂಬತ್ತರ ದಶಕದ ಕೊನೆಗೆ ನಾನು ಕಂಪ್ಯೂಟರ್ ಡಿಪ್ಲೊಮಾ ಓದಲು ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಬರತೊಡಗಿದಾಗ ಪೇಟೆಯ ಅರ್ಧ ಜನ ಮೂಗು ಮುರಿದರು. ಗಲ್ಫಿನಲ್ಲಿದ್ದ ಅಣ್ಣ ಫೋನಿನಲ್ಲಿ, ಟೀಚರ್ ಆಗಬಹುದಿತ್ತಲ್ಲ ಎಂದ. ಟೀಚರ್ ಆದರೆ ತಲೆ ಮೇಲೆ ಬಟ್ಟೆ ಹಾಕಿಕೊಂಡು ಬೋರ್ಡಿನ ಮುಂದೆ ನಿಲ್ಲಬಹುದು, ಏಣಿ ಹತ್ತಬೇಕಾಗಿಲ್ಲ ಎಂಬುದು ಎಲ್ಲರ ಲೆಕ್ಕಾಚಾರ. ನನ್ನ ತಾಯಿ, ಉಮ್ಮ, ಮಾತ್ರ, ಹೋಗುವವಳು ಹೋಗಲಿ, ಬಸ್ಸಿನ ಪಾಸ್ ಆಗಿದೆಯಲ್ಲ ಎಂದಳು. ಉಮ್ಮನ ಒಪ್ಪಿಗೆ ಯಾವಾಗಲೂ ಹೀಗೆ ಅಡ್ಡದಾರಿಯಲ್ಲಿಯೇ ಬರುತ್ತಿತ್ತು.

ಮೂಡುಬಿದಿರೆಯ ಆ ತರಗತಿಯಲ್ಲಿ ಒಂದು ದಿನ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದು, ಮೂರಕ್ಕೂ ಒಂದಕ್ಕೊಂದು ಗೆರೆ ಎಳೆದರು. ಇವು ಮೂರು ಸ್ವಿಚ್ ಎಂದರು. ದೀಪ ಹಾಕುವ ಸ್ವಿಚ್ಚಲ್ಲ, ಹತ್ತಾರು ಕಂಪ್ಯೂಟರುಗಳ ವೈರುಗಳು ಬಂದು ಸೇರುವ ಪೆಟ್ಟಿಗೆ. ಒಂದು ಕಂಪ್ಯೂಟರು ‘ಎಲ್ಲರಿಗೂ ಹೇಳಿ’ ಎಂದು ಏನನ್ನಾದರೂ ಕಳುಹಿಸಿದರೆ ಸ್ವಿಚ್ ಅದನ್ನು ತನ್ನ ಉಳಿದ ಎಲ್ಲ ವೈರುಗಳಿಗೂ ದಾಟಿಸುತ್ತದೆ. ಆದರೆ ವೈರುಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಿದ್ದರೆ ಆ ಸುದ್ದಿಗೆ ಕೊನೆಯೇ ಇರುವುದಿಲ್ಲ, ಸುತ್ತಿ ಸುತ್ತಿ ಬೆಳೆಯುತ್ತಲೇ ಹೋಗುತ್ತದೆ, ಕಡೆಗೆ ಬೇರೆ ಯಾವ ಮಾತಿಗೂ ಜಾಗವಿಲ್ಲದಂತಾಗುತ್ತದೆ ಎಂದರು. ತರಗತಿಯಲ್ಲಿ ಅರ್ಧಕ್ಕರ್ಧ ಜನ ಬೆಪ್ಪಾಗಿ ಕೂತಿದ್ದರು. ನನಗೆ ಕೂಡಲೇ ತಿಳಿಯಿತು, ಏಕೆಂದರೆ ಅದು ನಮ್ಮ ಪೇಟೆ.

ಹಿಂದಿನ ತಿಂಗಳಷ್ಟೇ ಉಮ್ಮ ಪಕ್ಕದ ಮನೆಯವರಲ್ಲಿ, ವಿಟ್ಲದವರು ಯಾರೋ ಮಗಳ ಬಗ್ಗೆ ಕೇಳಿದರಂತೆ ಎಂದಿದ್ದಳು. ಅದು ಪೇಟೆಯ ಬಾಗಿಲು ಬಾಗಿಲು ಸುತ್ತಿ, ಮೀನು ಮಾರುವವರ ಬಾಯಿಗೆ ಬಿದ್ದು, ನಾಲ್ಕು ದಿನಗಳಾದ ಮೇಲೆ ನಮ್ಮ ಬಾಗಿಲಿಗೇ ವಾಪಸು ಬಂತು: ನಿಮ್ಮ ಮಗಳಿಗೆ ವಿಟ್ಲದಲ್ಲಿ ನಿಶ್ಚಯವಾಯಿತಂತೆ! ಅದು ತಾನೇ ಬಿಟ್ಟ ಮಾತು ಎಂದು ಉಮ್ಮನಿಗೆ ಹೊಳೆಯಲೇ ಇಲ್ಲ. ಹೌದಾ, ನಮಗೇ ಗೊತ್ತಿಲ್ಲವಲ್ಲ ಎಂದು ಗಾಬರಿಯಾಗಿ ಮತ್ತೆ ಪಕ್ಕದ ಮನೆಗೆ ಓಡಿದಳು. ಅಲ್ಲಿಂದ ಅದು ಇನ್ನೊಂದು ಸುತ್ತು ಹೊರಟಿತು. ನಾನು ಬಸ್ಸಿಳಿದು ಬರುವಾಗ ಅಂಗಡಿಗಳವರು ಮದುವೆ ಯಾವಾಗ ಎಂದು ಕೇಳತೊಡಗಿದರು. ಯಾರ ಮದುವೆ ಎಂದು ನಾನು ತಿರುಗಿ ಕೇಳುತ್ತಿದ್ದೆ.

ಇದನ್ನು ತಡೆಯುವ ಉಪಾಯಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಸ್ವಿಚ್ಚುಗಳು ತಮ್ಮೊಳಗೆ ಮಾತಾಡಿಕೊಂಡು ಒಬ್ಬನನ್ನು ಯಜಮಾನನೆಂದು ಆರಿಸಿ, ಎಲ್ಲರಿಗೂ ಅವನ ಕಡೆಗೆ ಒಂದೊಂದೇ ದಾರಿ ಇಟ್ಟು, ಹೆಚ್ಚಿನ ದಾರಿಗಳನ್ನು ಮುಚ್ಚಿಬಿಡುತ್ತವೆ. ಹೊಸದಾಗಿ ವೈರು ಸಿಕ್ಕಿಸಿದಾಗಲೂ ಅಷ್ಟೇ. ಸ್ವಿಚ್ ಕೂಡಲೇ ನಂಬುವುದಿಲ್ಲ. ಅರ್ಧ ನಿಮಿಷ ಆ ಪೋರ್ಟಿನ, ಅಂದರೆ ವೈರು ಸಿಕ್ಕಿಸಿದ ತೂತಿನ, ದೀಪ ಕಿತ್ತಳೆ ಬಣ್ಣದಲ್ಲಿ ಉರಿಯುತ್ತದೆ. ತಾನು ಆಡಿದ ಮಾತು ತನಗೇ ಕೇಳಿಸುತ್ತಿದೆಯೇ ಎಂದು ಆ ಅರ್ಧ ನಿಮಿಷ ಅದು ಕಿವಿಗೊಟ್ಟು ಕೂತಿರುತ್ತದೆ. ಕೇಳಿಸಿದರೆ ಆ ಪೋರ್ಟ್ ಮುಚ್ಚುತ್ತದೆ, ಕೇಳಿಸದಿದ್ದರೆ ದೀಪ ಹಸಿರಾಗುತ್ತದೆ. ನಮ್ಮ ಪೇಟೆಗೆ ಇಂಥದ್ದೊಂದು ಬೇಕಿತ್ತು ಎಂದು ನಾನು ಆ ದಿನ ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೆ ಒಬ್ಬಳೇ ನಗುತ್ತಾ ಬಂದೆ.

ಡಿಪ್ಲೊಮಾ ಮುಗಿದು ಕೆಲವು ವರ್ಷ ಬಿ.ಸಿ. ರೋಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ದುಡಿದ ಮೇಲೆ ನನಗೆ ಬೆಳ್ತಂಗಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಬಿಲ್ಲು, ಔಷಧಿ, ರಕ್ತಪರೀಕ್ಷೆಯ ರಿಪೋರ್ಟು ಎಲ್ಲವನ್ನೂ ಅವರು ಕಂಪ್ಯೂಟರಿಗೆ ಹಾಕಿದ್ದರು. ಸಂದರ್ಶನಕ್ಕೆ ಕೂತಿದ್ದ ಮ್ಯಾನೇಜರು ನನ್ನ ತಲೆಯ ಮೇಲಿನ ಬಟ್ಟೆ ನೋಡಿ, “ಏಣಿ ಹತ್ತುವ ಕೆಲಸ ಉಂಟು, ಆಗ್ತದಾ?” ಎಂದರು.

“ಏಣಿ ಗಟ್ಟಿ ಉಂಟಾ ಸರ್?” ಎಂದೆ ನಾನು.

ಅವರಿಗೆ ಅದು ಹಿಡಿಸಲಿಲ್ಲ. ಆದರೆ ಆ ಸಂಬಳಕ್ಕೆ ಬೇರೆ ಯಾರೂ ಬಂದಿರಲಿಲ್ಲ, ಹಾಗಾಗಿ ಕೆಲಸ ಕೊಟ್ಟರು. ಮ್ಯಾನೇಜರು ಮೂಡುಬಿದಿರೆಯ ಕಡೆಯವರೇ, ಆದರೆ ಬಹಳ ಕಾಲ ಮುಂಬಯಿಯಲ್ಲಿದ್ದು ಬಂದವರು. ಮಾತಿಗೆ ಮುಂಚೆ ‘ನಮ್ಮ ಬೊಂಬಾಯಿಯಲ್ಲಿ’ ಎನ್ನುವವರು. ಗುಡುಗಿಗೆ ವೈರು ಕೀಳುವುದು ಅವರ ದೃಷ್ಟಿಯಲ್ಲಿ ಹಳ್ಳಿಯವರ ಗಾಬರಿ. ಬೊಂಬಾಯಿಯಲ್ಲಿ ಎಷ್ಟು ಗುಡುಗಿದರೂ ಯಾರೂ ಕುರ್ಚಿಯಿಂದ ಏಳುವುದಿಲ್ಲವಂತೆ.

ಆಸ್ಪತ್ರೆಗೆ ಬಂದವರು ಮೊದಲು ಕಾಣುತ್ತಿದ್ದುದು ಟೆಲಿಫೋನ್ ಆಪರೇಟರ್ ಅಕ್ಕನನ್ನು. ನೆರಿಯದ ಕಡೆಯವರು. ಮೆಟ್ಟಿಲಿನ ಕೆಳಗೆ ಅವರ ಮೇಜು, ಅವರ ಬೆನ್ನ ಹಿಂದಿನ ಮರದ ಕಪಾಟಿನಲ್ಲಿ ನನ್ನ ಮುಖ್ಯ ಸ್ವಿಚ್. ಹಾಗಾಗಿ ನಮ್ಮಿಬ್ಬರದ್ದು ದಿನವಿಡೀ ಬೆನ್ನಿಗೆ ಬೆನ್ನು ತಾಗುವ ಸಂಬಂಧ. ನಾನು ಸೇರುವ ಮೊದಲೇ ಒಂದು ಮಳೆಗಾಲದ ಕೊನೆಯಲ್ಲಿ ಸಿಡಿಲು ಫೋನಿನ ಲೈನಿನಿಂದಲೇ ಒಳಗೆ ಬಂದು ಎಕ್ಸ್‌ಚೇಂಜ್ ಪೆಟ್ಟಿಗೆಯನ್ನು ಸುಟ್ಟಿತ್ತು. ಆಗ ಫೋನ್ ಅಕ್ಕನ ಎಡಗಿವಿಯಲ್ಲಿತ್ತು. ಅಂದಿನಿಂದ ಆ ಕಿವಿ ಕೇಳುವುದಿಲ್ಲ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಅವರೇ ಹೇಳಿದ ಮೇಲೆ.

“ಯಾರಿಗೂ ಹೇಳ್ಬೇಡ ಮಾರಾಯ್ತಿ. ಒಂದು ಕಿವಿಯ ಆಪರೇಟರನ್ನು ಯಾರು ಇಟ್ಕೊಳ್ತಾರೆ? ಇಲ್ಲಿಂದ ಹೋದ್ರೆ ನನಗೆ ಬೇರೆ ಎಲ್ಲಿಯೂ ಕೆಲಸ ಇಲ್ಲ.”

ನಾನು ಹೇಳಲಿಲ್ಲ. ಅವರು ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದುದನ್ನು, ಎಡಗಡೆಯಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದುದನ್ನು ಬೇರೆ ಯಾರೂ ಗಮನಿಸಿದ ಹಾಗಿರಲಿಲ್ಲ.

ಆ ಸಿಡಿಲಿನ ನಂತರ ಆಡಳಿತದವರು ಒಂದು ನಿಯಮ ಮಾಡಿದ್ದರು. ಗುಡುಗು ಬಂದ ಕೂಡಲೇ ಅಕ್ಕ ಎದ್ದು, ಕೋಣೆ ಕೋಣೆಗೆ ಹೋಗಿ, ಗೋಡೆಯಿಂದ ಫೋನಿನ ವೈರು, ನೆಟ್‌ವರ್ಕಿನ ವೈರು ಎಲ್ಲವನ್ನೂ ತೆಗೆಯಬೇಕು. ಗುಡುಗು ನಿಂತ ಮೇಲೆ ಎಲ್ಲವನ್ನೂ ತಿರುಗಿ ಹಾಕಬೇಕು. ಮ್ಯಾನೇಜರು ನಗುತ್ತಿದ್ದರೇ ಹೊರತು ಆ ನಿಯಮವನ್ನು ತೆಗೆಯಲಿಲ್ಲ, ಇನ್ನೊಂದು ಎಕ್ಸ್‌ಚೇಂಜ್ ಸುಟ್ಟರೆ ಉತ್ತರ ಕೊಡಬೇಕಾದವರು ಅವರೇ ತಾನೇ. ಅಕ್ಕನಿಗೆ ಒಂದೇ ಕಿವಿಯಲ್ಲಿ ನಮ್ಮೆಲ್ಲರಿಗಿಂತ ಮೊದಲೇ ಗುಡುಗು ಕೇಳುತ್ತಿತ್ತು. ಸೆರಗು ಸಿಕ್ಕಿಸಿಕೊಂಡು, “ಬಂತು ಮಾರಾಯ್ರೆ, ಬಂತು!” ಎಂದು ಕೂಗುತ್ತಾ ಹೊರಟರೆಂದರೆ ಡಾಕ್ಟರುಗಳೂ ಕಾಲು ಮಡಚಿಕೊಂಡು ಅವರಿಗೆ ಮೇಜಿನ ಕೆಳಗೆ ದಾರಿ ಬಿಡುತ್ತಿದ್ದರು.

ತಕರಾರು ಶುರುವಾದದ್ದು ತಿರುಗಿ ಹಾಕುವಾಗಿನ ಆ ಅರ್ಧ ನಿಮಿಷದಿಂದ. ಗುಡುಗು ನಿಂತು, ವೈರು ಹಾಕಿ, ಕೌಂಟರಿನವರು ಬಿಲ್ ಒತ್ತಿದರೆ ‘ಸಂಪರ್ಕ ಇಲ್ಲ’ ಎಂದು ಬರುತ್ತಿತ್ತು. ದೀಪ ಕಿತ್ತಳೆ. ಅದು ಹಸಿರಾಗುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಸಾಲಿನಲ್ಲಿ ನಿಂತವರು ಗೊಣಗುವರು, ಕೌಂಟರಿನವರು ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚುವರು, ಅದರಿಂದ ಇನ್ನಷ್ಟು ತಡ. ಮ್ಯಾನೇಜರು ಮೇಲಿನಿಂದ ಇಳಿದು ಬಂದು ನನ್ನನ್ನು ಹುಡುಕುವರು. ಬೇಸಿಗೆಯ ಕೊನೆಯಲ್ಲಿ ಇದು ಬಹುತೇಕ ಪ್ರತಿ ಸಂಜೆಯ ಪೂಜೆಯಾಯಿತು.

ನಾನು ಅವರಿಗೆ ಬಿಡಿಸಿ ಹೇಳಿದೆ. “ಸರ್, ಕಂಪ್ಯೂಟರಿಗೆ ಹೋಗುವ ಪೋರ್ಟ್‌ಗಳಿಗೆ ಈ ಕಾಯುವಿಕೆ ಬೇಡ ಎಂದು ಮಾಡ್ಬಹುದು. ಆದರೆ ಯಾವ ಪೋರ್ಟ್ ಎಲ್ಲಿಗೆ ಹೋಗ್ತದೆ ಎಂದು ಮೊದಲು ಗೊತ್ತಾಗ್ಬೇಕು. ಒಂದು ಭಾನುವಾರ ಕೊಡಿ. ಎಲ್ಲ ಗೋಡೆ ನೋಡಿ, ಕಾಯುವುದು ಬೇಡದಲ್ಲಿ ತೆಗೆದು, ಜೊತೆಗೆ ಒಂದು ಕಾವಲು ಹಾಕ್ತೇನೆ. ಯಾರಾದರೂ ತಪ್ಪಿ ವೈರನ್ನು ಸುತ್ತಿ ಹಾಕಿದ್ರೆ ಆ ಒಂದು ಪೋರ್ಟ್ ಮಾತ್ರ ಮುಚ್ತದೆ.”

ಭಾನುವಾರ ಇಡೀ ನೆಟ್‌ವರ್ಕ್ ನಿಲ್ಲಿಸಲು ಅವರು ಒಪ್ಪಲಿಲ್ಲ. ಸ್ವಿಚ್ ಮಾರಿದ ಮಂಗಳೂರಿನ ಅಂಗಡಿಗೆ ಫೋನ್ ಮಾಡಿ ಅಲ್ಲಿಯ ಇಂಜಿನಿಯರನ್ನು ಕರೆಸಿದರು. ಆತ ನಮ್ಮ ಕಪಾಟಿನ ಮುಂದೆ ನಿಂತು, ಕ್ಯಾಂಟೀನಿನ ಚಾ ಕುಡಿಯುತ್ತಾ, “ಇಷ್ಟು ಸಣ್ಣ ನೆಟ್‌ವರ್ಕಿಗೆ ಸ್ಪ್ಯಾನಿಂಗ್ ಟ್ರೀ ಎಂತಕ್ಕೆ? ತೆಗೆದುಬಿಡುವ” ಎಂದ. ಮ್ಯಾನೇಜರ ಮುಖ ಅರಳಿತು. ನನ್ನ ಕಡೆ ತಿರುಗಿ, “ಕೇಳಿಸಿತಲ್ಲ, ಟೈಪ್ ಮಾಡಿ” ಎಂದರು.

“ನಾನು ಮಾಡುವುದಿಲ್ಲ ಸರ್.”

“ಎಂತ ಹೇಳಿದ್ರಿ?”

“ಗುಡುಗಿಗೆ ವೈರು ತೆಗೆದು ಹಾಕುವ ಊರಿನಲ್ಲಿ ಇದನ್ನು ತೆಗೀಬಾರದು. ಬೊಂಬಾಯಿಯಲ್ಲಿ ಬೇಕಾದ್ರೆ ತೆಗೆಯಲಿ. ಇಲ್ಲಿ ತೆಗೆದ್ರೆ ಒಂದು ದಿನ ಇಡೀ ಆಸ್ಪತ್ರೆ ನಿಲ್ತದೆ.”

ಇಂಜಿನಿಯರು ಚಾದ ಲೋಟ ಕೆಳಗಿಟ್ಟು ತಾನೇ ಟೈಪ್ ಮಾಡಿದ. ಒಂದು ಸಾಲು, ಅಷ್ಟೇ. ಮೇಲಿನ ಮಹಡಿಯ ಸ್ವಿಚ್ಚಿಗೂ ಅದನ್ನೇ ಹಾಕಿದ. ಕೌಂಟರಿನ ವೈರು ತೆಗೆದು ಹಾಕಿ ನೋಡಿದರು, ದೀಪ ಕೂಡಲೇ ಹಸಿರು. ಮ್ಯಾನೇಜರು ನನ್ನತ್ತ ನೋಡಿದ ನೋಟ ನನಗೆ ಈಗಲೂ ನೆನಪಿದೆ. ಮಳೆಗಾಲ ಪೂರ್ತಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆ ಒಂದೇ ಸಾಲನ್ನು ಹಾಕದ್ದಕ್ಕೆ ನನಗೆ ಇಷ್ಟು ಹಠವೇ ಎಂದು ಅವರು ಸಿಕ್ಕಲ್ಲೆಲ್ಲ ಆಡಿಕೊಂಡರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ನವರಾತ್ರಿ ಕಳೆದ ಮೇಲೆ ಮಳೆ ಹಿಂದೆ ಹೋಗುವಾಗಿನ ಗುಡುಗು ಇದೆಯಲ್ಲ, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಆ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗಂಜಿಯ ಬಟ್ಟಲಿಗೆ ಕೈ ಹಾಕಿದ್ದೆ, ಕಟ್ಟಡವೇ ನಡುಗುವಂತೆ ಒಂದು ಬಡಿಯಿತು. ಅಕ್ಕ ಕೂಗುತ್ತಾ ಮೆಟ್ಟಿಲು ಹತ್ತಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಆರ್ಭಟಿಸಿ ಗುಡುಗು ಚಾರ್ಮಾಡಿಯ ಕಡೆ ಸರಿಯಿತು. ಅಕ್ಕ ಮತ್ತೆ ಒಂದು ಸುತ್ತು ಹೋಗಿ ವೈರುಗಳನ್ನು ಹಾಕಿ ಬಂದು ಕೂತರು. ಅವರು ಕೂತದ್ದೇ ತಡ, ಎಲ್ಲವೂ ನಿಂತಿತು.

ಬಿಲ್ಲು ಹೊರಡಲಿಲ್ಲ. ಔಷಧಿ ಕೌಂಟರಿನ ಪರದೆ ಹಾಗೇ ಸ್ತಬ್ಧ. ಲ್ಯಾಬಿನ ರಿಪೋರ್ಟು ವಾರ್ಡಿಗೆ ಹೋಗಲಿಲ್ಲ, ನರ್ಸುಗಳು ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿಯತೊಡಗಿದರು. ನಾನು ಓಡಿಬಂದು ಕಪಾಟು ತೆರೆದೆ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೇ ಹುಚ್ಚು ಹಿಡಿದಂತೆ ಮಿಟುಕುತ್ತಿದ್ದವು. ಮೂಡುಬಿದಿರೆಯ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಒಳಗಿಂದೊಳಗೆ ಸ್ವಲ್ಪ ಖುಷಿಯೂ ಆಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ, ನಾನು ಹೇಳಿದ್ದೇ ಆಗಿತ್ತಲ್ಲ. ಆದರೆ ಸಾಲಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ತಾಯಿಯೊಬ್ಬಳನ್ನು ನೋಡಿದಾಗ ಆ ಖುಷಿ ಉಳಿಯಲಿಲ್ಲ.

ಒಂದೊಂದೇ ವೈರು ತೆಗೆದು ನೋಡಿದೆ. ಮೇಲಿನ ಮಹಡಿಯ ಸ್ವಿಚ್ಚಿಗೆ ಹೋಗುವ ವೈರು ತೆಗೆದ ಕೂಡಲೇ ಕೆಳಗಿನ ದೀಪಗಳೆಲ್ಲ ತಣ್ಣಗಾದವು. ಕೌಂಟರಿನ ಪ್ರಿಂಟರು ಬಾಕಿ ಬಿಲ್ಲುಗಳನ್ನು ಕಿರ್‍ರೆಂದು ಒದರತೊಡಗಿತು. ಹಾಗಾದರೆ ತೊಂದರೆ ಮೇಲೆ. ಅಕ್ಕನೂ ನನ್ನ ಹಿಂದೆಯೇ ಮೆಟ್ಟಿಲು ಹತ್ತಿದರು. ಕೋಣೆ ಕೋಣೆ ನೋಡುತ್ತಾ ಕೊನೆಗೆ ಮ್ಯಾನೇಜರ ಕೋಣೆಗೆ ಬಂದು ಅವರ ಮೇಜಿನ ಕೆಳಗೆ ಬಗ್ಗಿದೆ. ಗೋಡೆಯಲ್ಲಿ ಅಕ್ಕಪಕ್ಕ ವೈರು ಸಿಕ್ಕಿಸುವ ಎರಡು ಒಟ್ಟೆಗಳು, ಒಂದು ಕಂಪ್ಯೂಟರಿಗೆ, ಇನ್ನೊಂದು ಮುಂದೆ ಬೇಕಾದೀತೆಂದು ಬಿಟ್ಟದ್ದು. ಒಂದೇ ವೈರಿನ ಎರಡು ತುದಿಗಳು ಆ ಎರಡು ಒಟ್ಟೆಗಳಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಕಂಪ್ಯೂಟರಿನ ಬೆನ್ನು ಖಾಲಿ.

ಒಂದು ತುದಿ ಎಳೆದು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತೆ. ಅಕ್ಕ ಬಾಗಿಲ ಬಳಿ ನಿಂತಿದ್ದರು. ಅವರ ಮುಖ ನೋಡಿದಾಗಲೇ ನನಗೆ ತಿಳಿಯಿತು. ಆಮೇಲೆ ಅವರು ನನ್ನಲ್ಲಿ ಹೇಳಿದ್ದೂ ಅದನ್ನೇ: ಒಟ್ಟೆ ಖಾಲಿ ಇತ್ತು, ತುದಿ ನೆಲದಲ್ಲಿ ಬಿದ್ದಿತ್ತು, ಹಾಕಿದೆ. ನೂರಾರು ಸಲ ಹೀಗೆಯೇ ಹಾಕಿದ್ದರು. ಅವರು ತೆಗೆಯುವುದು ಗೋಡೆಯ ತುದಿಯನ್ನು ಮಾತ್ರ, ಹಾಗಾಗಿ ನೆಲದಲ್ಲಿ ಯಾವಾಗಲೂ ಒಂದೇ ತುದಿ ಬಿದ್ದಿರುತ್ತಿತ್ತು. ಆ ದಿನ ಎರಡು ಬಿದ್ದಿದ್ದವು.

“ಯಾರು ಹಾಕಿದ್ದು ಇದು?” ಮ್ಯಾನೇಜರು ಕುರ್ಚಿಯಿಂದ ಎದ್ದರು. ಔಷಧಿಯವರೂ ಲ್ಯಾಬಿನವರೂ ಬಾಗಿಲಲ್ಲಿ ಸೇರಿದ್ದರು. ಅವರೆಲ್ಲರ ಎದುರು ತಪ್ಪು ಯಾರದಾದರೂ ತಲೆಗೆ ಕಟ್ಟಲೇಬೇಕಿತ್ತು. “ಹೆಸರು ಹೇಳಿ. ನಾಳೆಯಿಂದ ಅವರು ಬರುವುದು ಬೇಡ. ರೋಗಿಗಳ ಜೀವದ ಪ್ರಶ್ನೆ ಇದು.”

ಅಕ್ಕ ಬಾಯಿ ತೆರೆದರು. ನಾನು ಅಡ್ಡ ಬಂದೆ.

“ನಾನು ಹೇಳುವುದಿಲ್ಲ ಸರ್.”

“ಗೊತ್ತುಂಟಾ ಗೊತ್ತಿಲ್ವಾ?”

“ಗೊತ್ತುಂಟು. ಹೇಳುವುದಿಲ್ಲ.”

ಕೋಪ ಬಂದರೆ ಅವರ ಬಹುವಚನ ಕಳಚಿ ಬೀಳುತ್ತಿತ್ತು. “ಹಾಗಾದ್ರೆ ನೀನೂ ಬರುವುದು ಬೇಡ” ಎಂದರು.

ಆ ಮಾತು ಕೇಳಿದಾಗ ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಉಮ್ಮನಿಗೆ ಏನು ಹೇಳಲಿ ಎಂಬ ಯೋಚನೆ ಒಂದು ಕ್ಷಣ ಬಂದದ್ದು ಹೌದು, ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ವೈರನ್ನು ಅವರ ಮೇಜಿನ ಮೇಲೆ ಇಟ್ಟೆ.

“ಒಂದು ವೈರಿಗೆ ಎರಡು ತುದಿ ಉಂಟು ಸರ್. ಗೋಡೆಯ ತುದಿ ತೆಗೆದದ್ದು ನಿಮ್ಮದೇ ನಿಯಮದ ಪ್ರಕಾರ. ಅದು ಆಪರೇಟರ್ ಕೆಲಸ ಎಂದು ನೀವೇ ಹೇಳಿದ್ದು. ಈ ಇನ್ನೊಂದು ತುದಿಯನ್ನು ನಿಮ್ಮ ಕಂಪ್ಯೂಟರಿನ ಹಿಂದಿನಿಂದ ಕಿತ್ತದ್ದು ಯಾರು? ಆ ನಿಯಮದಲ್ಲಿ ಇದು ಇಲ್ಲ. ಗುಡುಗು ಬಡಿದಾಗ ಈ ಕೋಣೆಯಲ್ಲಿ ಇದ್ದವರು ಯಾರು?”

ಮ್ಯಾನೇಜರು ವೈರಿನ ಕಡೆ ನೋಡಿದರು, ಆಮೇಲೆ ತಮ್ಮ ಬಲಗೈಯ ಕಡೆ ನೋಡಿದರು. ಬೊಂಬಾಯಿಯಲ್ಲಿ ಅಷ್ಟು ವರ್ಷ ಕಳೆದರೂ ಆ ಕೈ ಮೂಡುಬಿದಿರೆಯದ್ದೇ ಆಗಿ ಉಳಿದಿತ್ತು. ಅವರು ಬೇಕೆಂದು ಕಿತ್ತದ್ದಲ್ಲ, ಅಷ್ಟು ಹತ್ತಿರ ಬಡಿದಾಗ ನಮ್ಮವರ ಕೈ ತಾನಾಗಿ ವೈರಿಗೆ ಹೋಗುತ್ತದೆ. ಅದಕ್ಕೆ ನಾನು ಅವರನ್ನು ಹಳಿಯುವುದಿಲ್ಲ. ಬೇರೆಯವರ ಕೈಗೆ ಮಾತ್ರ ಶಿಕ್ಷೆ ಕೊಡಲು ಹೊರಟದ್ದನ್ನು ಇಂದಿಗೂ ಕ್ಷಮಿಸಿಲ್ಲ.

“ಹೆಸರು ಬೇಕೇ ಬೇಕಾದ್ರೆ ಎರಡೂ ತುದಿಯದ್ದು ಹೇಳ್ತೇನೆ. ಸ್ಪ್ಯಾನಿಂಗ್ ಟ್ರೀ ತೆಗೆಸಿದವರದ್ದನ್ನೂ ಹೇಳ್ತೇನೆ. ಇವರೆಲ್ಲರ ಎದುರೇ ಹೇಳ್ತೇನೆ. ಅಲ್ಲ, ಇನ್ನೊಮ್ಮೆ ಹೀಗೆ ಆಗ್ಬಾರದು ಅಂತಾದ್ರೆ ನನಗೆ ಭಾನುವಾರ ಕೊಡಿ.”

ಔಷಧಿಯವರು ಕೆಮ್ಮಿದರು. ಲ್ಯಾಬಿನವರೊಬ್ಬರು ಅಷ್ಟು ಹೊತ್ತಿಗೆ ನಗು ತಡೆಯಲಾಗದೆ ಹೊರಗೆ ಹೋದರು. ಮ್ಯಾನೇಜರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡು, “ಭಾನುವಾರ ನೋಡುವ. ಆಮೇಲೂ ಹೀಗಾದ್ರೆ ಇಬ್ಬರೂ ಮನೆಗೆ” ಎಂದರು. ಇಬ್ಬರೂ ಎಂದಾಗ ಅವರ ಕಣ್ಣು ಬಾಗಿಲಲ್ಲಿದ್ದ ಅಕ್ಕನ ಮೇಲಿತ್ತು. ಹೆಸರು ಅವರಿಗೆ ಮೊದಲೇ ಗೊತ್ತಿತ್ತು, ಬೇಕಿದ್ದದ್ದು ಅದನ್ನು ಹೇಳುವ ಇನ್ನೊಂದು ಬಾಯಿ.

ಮೆಟ್ಟಿಲು ಇಳಿಯುವಾಗ ಅಕ್ಕ ನನ್ನನ್ನು ಬೈದರು. “ನಿನಗೆ ಎಂತಕ್ಕೆ ಇದೆಲ್ಲ? ನನ್ನದು ಹೇಗೂ ಆಯ್ತು, ನಿನ್ನ ಕೆಲಸವೂ ಹೋಗ್ಬೇಕಾ?”

“ನಿಮ್ಮದು ಆಯ್ತು ಅಂತ ಯಾರು ಹೇಳಿದ್ದು? ಭಾನುವಾರ ಬನ್ನಿ.”

ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಅಕ್ಕ ನೆರಿಯದಿಂದ ನನಗಿಂತ ಮೊದಲೇ ಬಂದು ಕೂತಿದ್ದರು. ಅವರು ಕೋಣೆ ಕೋಣೆಗೆ ಹೋಗಿ ಗೋಡೆಯ ವೈರು ತೆಗೆದು “ತೆಗೆದೆ!” ಎಂದು ಕೂಗುವುದು, ನಾನು ಆಯಾ ಮಹಡಿಯ ಸ್ವಿಚ್ಚಿನ ಮುಂದೆ ಯಾವ ದೀಪ ಆರಿತು ಎಂದು ನೋಡುವುದು, ಹೀಗೆ ಇಡೀ ಕಟ್ಟಡ ಮುಗಿಸಿದೆವು. ಸ್ಪ್ಯಾನಿಂಗ್ ಟ್ರೀಯನ್ನು ತಿರುಗಿ ತಂದೆ. ಮಹಡಿಯಿಂದ ಮಹಡಿಗೆ ಹೋಗುವ ಪೋರ್ಟ್‌ಗಳು ಮೊದಲಿನ ಹಾಗೆಯೇ ಕಾದು ನೋಡಲಿ ಎಂದು ಬಿಟ್ಟೆ. ಕಂಪ್ಯೂಟರಿಗೆ ಹೋಗುವ ಪೋರ್ಟ್‌ಗಳಿಗೆ ಕಾಯುವುದು ಬೇಡ ಎಂದು ಬರೆದೆ, ಖಾಲಿ ಇದ್ದವೂ ಸೇರಿ ಪ್ರತಿಯೊಂದಕ್ಕೂ ಕಾವಲು ಹಾಕಿದೆ: ಇಲ್ಲಿಂದ ಸ್ವಿಚ್ಚಿನ ಮಾತು ವಾಪಸು ಕೇಳಿಸಿದರೆ ಈ ಪೋರ್ಟ್ ಮುಚ್ಚಿಬಿಡು, ಬೇರೆ ಯಾರಿಗೂ ತೊಂದರೆ ಬೇಡ. ಅದನ್ನು ಟೈಪ್ ಮಾಡುವಾಗ ನನ್ನ ಬೆರಳುಗಳಿಗೆ ಇದ್ದ ಜೋರು ಇನ್ನೆಂದೂ ಬಂದಿಲ್ಲ. ಮಧ್ಯಾಹ್ನ ಅಕ್ಕ ತಂದಿದ್ದ ಬುತ್ತಿಯನ್ನು ಹಂಚಿಕೊಂಡು ತಿಂದೆವು.

ಮರುದಿನ ಸೋಮವಾರ. ಹೊರರೋಗಿಗಳ ಸಾಲು ಗೇಟಿನವರೆಗೆ ಇತ್ತು. ನಾನು ಮ್ಯಾನೇಜರನ್ನು ಕೆಳಗೆ ಕರೆದೆ. ಕಪಾಟಿನ ಬಾಗಿಲು ತೆರೆದು, ಒಂದು ಗಿಡ್ಡ ವೈರನ್ನು ತೆಗೆದು ಅಕ್ಕನ ಕೈಗೆ ಕೊಟ್ಟೆ. ಸ್ವಿಚ್ಚಿನಲ್ಲಿ ಖಾಲಿ ಇದ್ದ ಎರಡು ಒಟ್ಟೆಗಳನ್ನು ತೋರಿಸಿದೆ.

“ಎರಡೂ ತುದಿ ಹಾಕಿ ಅಕ್ಕ.”

ಮ್ಯಾನೇಜರು ಬೆಚ್ಚಿದರು. “ಈಗ ಬೇಡ! ಇಷ್ಟು ಜನ ಇದ್ದಾರೆ, ಸಂಜೆ ಮಾಡುವ.”

“ಜನ ಇರುವಾಗಲೇ ಆಗ್ಬೇಕು ಸರ್. ಗುಡುಗು ಜನ ಹೋಗುವವರೆಗೆ ಕಾಯ್ತದಾ?”

ಅಕ್ಕ ಹಿಂದಕ್ಕೆ ಸರಿದರು. “ಬೇಡ ಮಾರಾಯ್ತಿ, ನೀನೇ ಹಾಕು. ನನ್ನ ಕೈಯಿಂದ ಬೇಡ.”

“ನಿಮ್ಮ ಕೈಯಿಂದಲೇ.”

ಅವರು ನನ್ನ ಮುಖ ನೋಡಿದರು. ನಾನು ಬರೆದದ್ದರಲ್ಲಿ ಎಲ್ಲಾದರೂ ಒಂದು ತಪ್ಪಿದ್ದರೆ ಆ ಹೆಂಗಸು ಇಷ್ಟು ಜನರ ಎದುರು ಎರಡನೇ ಬಾರಿ ಆಸ್ಪತ್ರೆಯನ್ನು ನಿಲ್ಲಿಸುತ್ತಾರೆ, ಆಮೇಲೆ ಅವರನ್ನು ಉಳಿಸುವ ಮಾತು ಯಾರ ಬಳಿಯೂ ಇರುವುದಿಲ್ಲ. ಆದರೂ ನಾನು ಬೇಡ ಎನ್ನಲಿಲ್ಲ. ಇದು ಅವರ ಕೈಯಿಂದಲೇ ಆಗಬೇಕಿತ್ತು.

ಅಕ್ಕ ಒಂದು ತುದಿ ಹಾಕಿದರು. ಇನ್ನೊಂದು ತುದಿಯನ್ನೂ ಹಾಕಿದರು. ಟಿಕ್ ಎಂದಿತು.

ಒಂದು ದೀಪ ಕಿತ್ತಳೆಯಾಯಿತು, ಪಕ್ಕದ್ದು ಆರಿತು; ಕಾವಲು ಆ ಪೋರ್ಟನ್ನು ಮುಚ್ಚಿತ್ತು. ಅಷ್ಟೇ. ಉಳಿದ ದೀಪಗಳು ತಮ್ಮ ಪಾಡಿಗೆ ತಾವು ಮಿಟುಕುತ್ತಿದ್ದವು. ಅಕ್ಕ ದೀಪಗಳನ್ನು ನೋಡುತ್ತಿರಲಿಲ್ಲ. ಇಡೀ ಮೈ ತಿರುಗಿಸಿ, ಬಲಗಿವಿಯನ್ನು ಕೌಂಟರಿನ ಕಡೆ ಕೊಟ್ಟು ಪ್ರಿಂಟರಿನ ಸದ್ದು ಕೇಳುತ್ತಾ ನಿಂತಿದ್ದರು. ಒಂದು ಬಿಲ್ಲು ಬಂತು. ಕೌಂಟರಿನವರು ಹರಿದರು. ಇನ್ನೊಂದು ಬಂತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಮ್ಯಾನೇಜರು ಹಣೆಯ ಬೆವರು ಒರೆಸಿಕೊಂಡು ಮೆಟ್ಟಿಲ ಕಡೆ ತಿರುಗಿದರು.

“ಸರ್” ಎಂದರು ಅಕ್ಕ. ಅಷ್ಟು ವರ್ಷಗಳಲ್ಲಿ ಅವರು ಮ್ಯಾನೇಜರನ್ನು ಹಿಂದಿನಿಂದ ಕರೆದದ್ದನ್ನು ನಾನು ಕೇಳಿರಲಿಲ್ಲ. ಮ್ಯಾನೇಜರು ನಿಂತರು.

“ಆ ದಿನ ಹೆಸರು ಕೇಳಿದ್ರಲ್ಲ. ಈಗ ಬರ್ಕೊಳ್ಳಿ. ಆ ದಿನವೂ ನಾನೇ ಹಾಕಿದ್ದು, ಇವತ್ತೂ ನಾನೇ ಹಾಕಿದ್ದು.”